ಕ್ಯಾಮೆರಾ ಇಲ್ಲವೆಂಬ ಸಮಾಧಾನ

“ಕ್ಯಾಮೆರಾ ಇಲ್ಲವಲ್ಲ, ಸಂಕೋಚವೇಕೆ?” ವೃದ್ಧರ ಮನೆಯಲ್ಲಿ ವೈ-ಫೈ ಅಲೆಗಳಿಂದಲೇ ಓಡಾಟವನ್ನು ಅರಿಯುವ ಸಾಧನವಿರಿಸಬೇಕೆನ್ನುವವರ ವಾದವಿದು. ದೂರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಊರಿನ ಹೆತ್ತವರ ಚಿಂತೆಯಿಂದ ಹೀಗೆನ್ನುತ್ತಾರೆ. ಚಿಂತೆ ಸಾಚಾ, ವಾದ ಪೊಳ್ಳು.

ಈ ಅಲೆಗಳು ಗೋಡೆಯನ್ನು ದಾಟುತ್ತವೆ. ಬಹುಪಾಲು ನೀರೇ ಆದ ನಮ್ಮ ದೇಹಕ್ಕೆ ತಾಗಿ ಚದುರುತ್ತವೆ. ಆ ಏರಿಳಿತವನ್ನು ಗಣಿಸಿದರೆ ಮನುಷ್ಯ ನಡೆದನೇ, ಬಿದ್ದನೇ, ಉಸಿರಾಟದ ಗತಿಯೇನು ಎಂಬುದು ತಿಳಿಯುತ್ತದೆ. ಅಮೆರಿಕದ ಎಂ.ಐ.ಟಿ.ಯ ದೀನಾ ಕತಾಬಿ ಮತ್ತು ಫಾದೆಲ್ ಅದೀಬ್ 2013ರಲ್ಲಿಯೇ ಗೋಡೆಯಾಚೆಯ ಚಲನೆಯನ್ನು ಹೀಗೆ ಗುರುತಿಸಿ ತೋರಿಸಿದರು. 2025ರಲ್ಲಿ ಇದಕ್ಕೆಂದೇ 802.11ಬಿಎಫ್ ಎಂಬ ಮಾನಕವೂ ಪ್ರಕಟವಾಗಿದೆ.

ಚಿತ್ರ ತೆಗೆಯದಿದ್ದರೆ ಇಣುಕಿದಂತಾಗುವುದಿಲ್ಲವೇ? 2001ರ ಕೈಲೋ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಪೊಲೀಸರು ಬೀದಿಯಿಂದಲೇ ಮನೆಯೊಂದರ ಶಾಖವನ್ನು ಅಳೆದದ್ದೂ ಶೋಧನೆಯೇ, ವಾರಂಟಿಲ್ಲದೆ ಸಲ್ಲದು ಎಂದಿತು. ಅದು ಪೊಲೀಸರ ಮಾತಾಯಿತು, ಮಕ್ಕಳದ್ದಲ್ಲ ಎನ್ನುವಿರಿ. ಆಗಲಿ. ನಮ್ಮಲ್ಲಿ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕಿದಾಗಲೇ ಅವರು ಎಂಬತ್ತು ದಾಟಿದ್ದರು! ಮುಪ್ಪಿಗೆ ಮರೆ ಬೇಡವೆಂದವರಾರು?

ರಾತ್ರಿ ಎಷ್ಟು ಬಾರಿ ಬಚ್ಚಲಿಗೆ ಎದ್ದೆ, ಎಷ್ಟು ಹೊತ್ತು ನಿದ್ದೆಯಿಲ್ಲದೆ ಹೊರಳಿದೆ ಎಂಬುದನ್ನು ನಾನು ವೈದ್ಯರಿಗೇ ಸಂಕೋಚದಿಂದ ಹೇಳುವವನು. ಅದು ಯಾವುದೋ ಕಂಪನಿಯ ಕಡತ ಸೇರಬೇಕೇ? ಮನೆಗೆಲಸಕ್ಕೆ ಬರುವಾಕೆಯನ್ನಂತೂ ಯಾರೂ ಕೇಳಿರುವುದಿಲ್ಲ.

ಇರಿಸಲೇಬೇಕೆನಿಸಿದರೆ ಮೊದಲು ಹೆತ್ತವರೆದುರು ಕುಳಿತು, ಅದು ಏನನ್ನೆಲ್ಲ ಅರಿಯಬಲ್ಲದೆಂದು ತಿಳಿಸಿ ಹೇಳಿರಿ. ಬೇಡವೆಂದರೆ ಒತ್ತಾಯಿಸದಿರಿ. ಒಪ್ಪಿದರೆ, ಆರಿಸುವ ಗುಂಡಿ ಅವರ ಕೈಗೆಟುಕುವಲ್ಲಿರಲಿ.