ಕೌಂಟರಿನ ಆಚೆ ಹಿಂದಿ, ಈಚೆ ನಮ್ಮ ದುಡ್ಡು



436 ರೂಪಾಯಿ. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊನ್ನೆ ಸೋಮವಾರ ಬೆಂಗಳೂರಿನ ದಕ್ಷಿಣ ಭಾಗದ ಒಂದು ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಬ್ಯಾಂಕಿನ ಹೆಸರು ಬೇಡ. ಹೆಸರು ಬರೆದರೆ ಉಳಿದ ಬ್ಯಾಂಕಿನವರು ತಾವು ಸಾಚಾ ಎಂದುಕೊಂಡಾರು. ನನ್ನ ಮುಂದೆ ಹೂ ಮಾರುವ ಹೆಂಗಸು. ನಲವತ್ತೆಂಟರ ಆಸುಪಾಸು. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಎರಡು ಪಾಸ್‌ಬುಕ್ಕು. ಸರದಿ ಬಂದಾಗ ಬಗ್ಗಿ ಕೇಳಿದಳು: "ಸಾರ್, ನನ್ ದುಡ್ಡು ನಾನೂರ ಮೂವತ್ತಾರ್ ರೂಪಾಯ್ ಕಟ್ಟಾಗೈತೆ, ಯಾಕೆ ಸಾರ್?"

ಆಚೆ ಕೂತಿದ್ದ ಅಧಿಕಾರಿ ತಲೆ ಎತ್ತಲಿಲ್ಲ. "ಹಿಂದಿ ಮೇ ಬೋಲೋ" ಅಂದ.

"ಇಂದಿ ಬರಾಕಿಲ್ಲ ಸಾಮಿ."

"ತೋ ಕಿಸೀಕೋ ಲೇಕೆ ಆವೋ. ನೆಕ್ಸ್ಟ್."

ಅಂದರೆ, ಯಾರನ್ನಾದರೂ ಕರಕೊಂಡು ಬಾ. ತನ್ನ ಊರಿನಲ್ಲಿ, ತನ್ನ ದುಡ್ಡಿನ ಬಗ್ಗೆ, ತನ್ನ ಮಾತಿನಲ್ಲಿ ಕೇಳಿದ್ದಕ್ಕೆ ಈ ಹೆಂಗಸು ದುಭಾಷಿಯನ್ನು ಬಾಡಿಗೆಗೆ ತರಬೇಕಂತೆ!

ಆಗ ಹಿಂದಿನಿಂದ ಒಬ್ಬ ಹುಡುಗ ಮುಂದೆ ಬಂದ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ, ಬೆನ್ನಿಗೆ ಚೀಲ. ನಮ್ಮ ಹುಡುಗನೇ, ಮಾತಿನಲ್ಲಿ ಹಾಸನದ ಕಡೆಯ ರಾಗ ಇನ್ನೂ ಹೋಗಿರಲಿಲ್ಲ. ಬಹಳ ವಿನಯದಿಂದ, ಎರಡು ಸಲ "ಸರ್" ಹಚ್ಚಿ, ಹಿಂದಿಯಲ್ಲಿ ಕೇಳಿದ. ಅಧಿಕಾರಿ ಮೂರು ಪದದಲ್ಲಿ ಉತ್ತರ ಬಿಸಾಕಿದ. ಹುಡುಗ ತಿರುಗಿ, "ಇನ್ಶೂರೆನ್ಸ್ ಅಂತೆ ಅಮ್ಮ" ಅಂದ. "ನಾನ್ಯಾವಾಗ ಮಾಡ್ಸಿದ್ನಪ್ಪಾ?" ಎಂಬ ಪ್ರಶ್ನೆಗೆ ಅವನ ಹತ್ತಿರವೂ ಉತ್ತರವಿರಲಿಲ್ಲ, ಹೊತ್ತೂ ಇರಲಿಲ್ಲ. ಅಧಿಕಾರಿಗೆ ಥ್ಯಾಂಕ್ಸ್ ಹೇಳಿ ಹೋದ.

ಆ ಹುಡುಗ ಕೆಟ್ಟವನಲ್ಲ. ಸಾಲಿನಲ್ಲಿದ್ದ ಹದಿನೈದು ಜನರಲ್ಲಿ ಎದ್ದು ಬಂದವನು ಅವನೊಬ್ಬನೇ. ಆದರೂ ಅವನ ಉಪಕಾರದಿಂದ ಯಾರಿಗೆ ಅನುಕೂಲವಾಯಿತು ಎಂದು ಯೋಚಿಸಿ. ಹೆಂಗಸಿಗೆ ಅರ್ಧ ಉತ್ತರ ಸಿಕ್ಕಿತು. ಅಧಿಕಾರಿಗೆ ಮಾತ್ರ ಪೂರ್ತಿ ಪಾಠ ಸಿಕ್ಕಿತು: ಈ ಊರಿನಲ್ಲಿ ಕನ್ನಡ ಕಲಿಯುವ ಅಗತ್ಯವೇ ಇಲ್ಲ, ಸಂಬಳವಿಲ್ಲದ ಭಾಷಾಂತರಕಾರರು ಸಾಲಿನಲ್ಲೇ ಸಿಗುತ್ತಾರೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಆಕೆಯ ಪಾಸ್‌ಬುಕ್ಕು ನೋಡಿದೆ. ಇಂಗ್ಲಿಷ್ ಅಕ್ಷರದಲ್ಲಿ 'ಪಿಎಂಜೆಜೆಬಿವೈ' ಎಂದು ಅಚ್ಚಾಗಿತ್ತು. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. 2015ರಲ್ಲಿ ಬಂದದ್ದು. 18ರಿಂದ 50 ವರ್ಷದೊಳಗಿನ ಖಾತೆದಾರರು ಸೇರಬಹುದು, ವಿಮೆ 55ರವರೆಗೆ ನಡೆಯುತ್ತದೆ. ಮೊದಲು ವರ್ಷಕ್ಕೆ 330 ರೂಪಾಯಿ ಇತ್ತು, 2022ರ ಜೂನ್‌ನಿಂದ 436 ಆಯಿತು. ಒಮ್ಮೆ ಒಪ್ಪಿಗೆಯ ಅರ್ಜಿಗೆ ಸಹಿ ಬಿದ್ದರೆ ವರ್ಷವರ್ಷವೂ ಮೇ ತಿಂಗಳ ಕೊನೆಗೆ ಖಾತೆಯಿಂದ ತಾನಾಗಿ ಕಡಿತ. ಖಾತೆದಾರ ಸತ್ತರೆ ನಾಮಿನಿಗೆ 2 ಲಕ್ಷ. ಯೋಜನೆ ಕೆಟ್ಟದ್ದೇನೂ ಅಲ್ಲ. ಆದರೆ ಆಕೆಗೆ ಅದು ಗೊತ್ತೇ ಇಲ್ಲ. ಯಾವತ್ತೋ ಖಾತೆ ತೆರೆಯುವಾಗ ನಾಲ್ಕು ಕಾಗದಕ್ಕೆ ಸಹಿ ಹಾಕು ಅಂದಿದ್ದರು, ಹಾಕಿದ್ದಳು. ಮೂರು ವರ್ಷದಲ್ಲಿ 1,308 ರೂಪಾಯಿ ಹೋಗಿತ್ತು.

ಎರಡನೆಯ ಪಾಸ್‌ಬುಕ್ಕು ಯಾರದಮ್ಮ ಎಂದೆ. ಗಂಡನದು. 2024ರ ದೀಪಾವಳಿ ಹೊತ್ತಿಗೆ, ಐವತ್ತೆರಡಕ್ಕೇ ತೀರಿಕೊಂಡ. ಗಾರೆ ಕೆಲಸ ಮಾಡುತ್ತಿದ್ದ. ಆ ಪುಟ ತಿರುವಿದೆ. 2023ರ ಮೇ, 436. 2024ರ ಮೇ, 436. ಅದೇ ಐದಾರು ಇಂಗ್ಲಿಷ್ ಅಕ್ಷರಗಳು.

ಅರ್ಥವಾಯಿತಲ್ಲ ಗೆಳೆಯರೇ? ಆಕೆಗೆ 2 ಲಕ್ಷ ರೂಪಾಯಿ ಬರಬೇಕಿತ್ತು. ಅರ್ಜಿ ಹಾಕದೆ ಅದು ಬರುವುದಿಲ್ಲ, ಅರ್ಜಿ ಹಾಕಬೇಕೆಂದು ಹೇಳಿದವರಿಲ್ಲ. ಗಂಡನ ಮರಣಪತ್ರ ಹಿಡಿದು ಇದೇ ಬ್ಯಾಂಕಿಗೆ ಎರಡು ಸಲ ಬಂದಿದ್ದಳಂತೆ. ಎರಡು ಸಲವೂ "ಹಿಂದಿ ಮೇ ಬೋಲೋ".

ಭಾಷೆಯ ಪ್ರಶ್ನೆ ಎತ್ತಿದಾಗೆಲ್ಲ ನಮ್ಮ ನಗರದ ನಾಗರಿಕ ಮಹಾಶಯರು ಮೂಗು ಮುರಿಯುತ್ತಾರೆ. ಭಾಷೆ ಬರೀ ಸಂವಹನದ ಸಾಧನ, ಇದರಲ್ಲಿ ಭಾವನೆ ತರಬೇಡಿ ಎನ್ನುತ್ತಾರೆ. ಆಯಿತು ಸ್ವಾಮಿ, ಭಾವನೆ ಬಿಡೋಣ. ಭುವನೇಶ್ವರಿಯೂ ಬೇಡ, ಕುವೆಂಪುವೂ ಬೇಡ. ಬರೀ ದುಡ್ಡಿನ ಲೆಕ್ಕ ಮಾತಾಡೋಣ. ಎರಡು ಲಕ್ಷ ರೂಪಾಯಿ ಎಂದರೆ ಆ ಹೆಂಗಸು ಎಷ್ಟು ಸಾವಿರ ಮೊಳ ಹೂ ಕಟ್ಟಬೇಕು?

ಇದೆಲ್ಲ ಹೇಗೆ ನಡೆಯುತ್ತದೆ? ಅಧಿಕಾರಿಯ ಅಹಂಕಾರ ಒಂದು ಕಡೆ ಇರಲಿ, ಅದರ ಹಿಂದಿನ ಯಂತ್ರ ನೋಡಿ. ಬ್ಯಾಂಕ್ ಗುಮಾಸ್ತರ ನೇಮಕಾತಿ ರಾಜ್ಯವಾರು ನಡೆಯುತ್ತದೆ, ಅಲ್ಲಿ ಆಯಾ ರಾಜ್ಯದ ಭಾಷೆ ಬರಬೇಕೆಂಬ ನಿಯಮವಾದರೂ ಇದೆ. ಪ್ರೊಬೇಷನರಿ ಆಫೀಸರುಗಳ ನೇಮಕಾತಿ ಅಖಿಲ ಭಾರತ ಮಟ್ಟದ್ದು. ಪಾಟ್ನಾದಲ್ಲಿ ಪರೀಕ್ಷೆ ಬರೆದವರು ಪಾವಗಡಕ್ಕೂ ಬರಬಹುದು, ಭಾಷೆ ಬರುತ್ತದೆಯೇ ಎಂದು ಕೇಳುವವರಿಲ್ಲ. ಗುಮಾಸ್ತರ ಪರೀಕ್ಷೆಯನ್ನೂ ಬಹುಕಾಲ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ನಡೆಸಿದರು. ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ ಬಂದದ್ದು 2021ರಲ್ಲಿ. ಅಷ್ಟರೊಳಗೆ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟು ಹುಡುಗರು ವಯಸ್ಸು ಮೀರಿ ಮನೆಗೆ ಹೋದರೋ! ಹಿಂದಿಯವನು ತನ್ನ ತಾಯಿನುಡಿಯಲ್ಲಿ ಓಡುವಾಗ ನಮ್ಮವನು ಕಾಲಿಗೆ ಗುಂಡುಕಲ್ಲು ಕಟ್ಟಿಕೊಂಡು ಓಡಿದ.

ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ವರದಿ ಕೊಟ್ಟಿತ್ತು, 58 ಶಿಫಾರಸು. ಅದನ್ನು ಜಾರಿ ಮಾಡುತ್ತೇವೆಂದು ಹೇಳದ ಮುಖ್ಯಮಂತ್ರಿಯನ್ನು ಹುಡುಕುವುದು ಕಷ್ಟ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದ್ದೇ ತಡ, ಅದನ್ನು ತಡೆಹಿಡಿದರು. ನಮ್ಮ ಸರ್ಕಾರಗಳ ಬೆನ್ನುಮೂಳೆಯ ಬಗ್ಗೆ ಇಷ್ಟು ಸಾಕು.

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದ ಕಡೆ ನಡೆದದ್ದು ನಿಮಗೆ ನೆನಪಿರಬೇಕು. ಗಿರಾಕಿಯೊಬ್ಬರಿಗೆ ಬ್ಯಾಂಕ್ ಅಧಿಕಾರಿ ಕನ್ನಡ ಮಾತಾಡುವುದೇ ಇಲ್ಲ ಎಂದ ದೃಶ್ಯ ಊರೆಲ್ಲ ಹರಿದಾಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಖಂಡಿಸಿದರು, ಬ್ಯಾಂಕು ಆ ಅಧಿಕಾರಿಯನ್ನು ವರ್ಗ ಮಾಡಿತು, ನಾವೆಲ್ಲ ಗೆದ್ದೆವೆಂದು ಮನೆಗೆ ಹೋದೆವು. ಏನು ಗೆದ್ದೆವು? ಒಬ್ಬರು ಹೋದರು, ಅದೇ ಕುರ್ಚಿಗೆ ಅದೇ ಪರೀಕ್ಷೆ ಬರೆದ ಇನ್ನೊಬ್ಬರು ಬರುತ್ತಾರೆ. ಕನ್ನಡ ಬಾರದವರನ್ನು ವರ್ಗ ಮಾಡುವುದೇ ಶಿಕ್ಷೆಯಾದರೆ ಶಿಕ್ಷೆ ಯಾರಿಗೆ? ಅವರು ಹೋಗುವ ಮುಂದಿನ ಶಾಖೆಯ ಗಿರಾಕಿಗಳಿಗೆ.

ಇನ್ನು ಅಂಗಡಿ, ಮಾಲುಗಳ ಮಾತು. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು. ಹೋರಾಟಗಾರರು ಜೈಲಿಗೆ ಹೋಗಿ ತಂದ ಕಾನೂನು, ನಮಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಹೊರಗೆ 'ಫ್ಯಾಷನ್ ವರ್ಲ್ಡ್' ಎಂದು ಕನ್ನಡ ಲಿಪಿಯಲ್ಲಿ ಬರೆದು ಒಳಗೆ ಕನ್ನಡದಲ್ಲಿ ಬೆಲೆ ಕೇಳಿದವನನ್ನು ಮೇಲಿನಿಂದ ಕೆಳಗೆ ನೋಡುವ ಚಾಳಿ ಹೋಗಿಲ್ಲ. ಅಲ್ಲಿ ನಿಂತ ಹುಡುಗಿ ಎಷ್ಟೋ ಸಲ ಮಂಡ್ಯ, ಚಿಂತಾಮಣಿ ಕಡೆಯವಳೇ ಆಗಿರುತ್ತಾಳೆ. ಕನ್ನಡ ಮಾತಾಡಿದರೆ ಮೇಲಿನವರು ಬೈಯುತ್ತಾರೆಂಬ ಹೆದರಿಕೆ ಅವಳಿಗೆ, ಕನ್ನಡ ಮಾತಾಡಿದರೆ ಹಳ್ಳಿಯವನೆಂದುಕೊಂಡಾರೆಂಬ ಹೆದರಿಕೆ ನಿಮಗೆ. ಇಬ್ಬರು ಕನ್ನಡಿಗರು ಎದುರುಬದುರು ನಿಂತು ಹರಕು ಇಂಗ್ಲಿಷಿನಲ್ಲಿ ಶರಟಿನ ಅಳತೆ ಮಾತಾಡುವ ದೃಶ್ಯವನ್ನು ಬೆಂಗಳೂರಿನಲ್ಲದೆ ಇನ್ನೆಲ್ಲಿ ಕಾಣುತ್ತೀರಿ?

ಈ ಊರು ಹಲವು ಭಾಷೆಗಳ ಊರಾದದ್ದು ನಿನ್ನೆ ಮೊನ್ನೆಯಲ್ಲ. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದಾಗಿನಿಂದ ಪೇಟೆಯದೊಂದು ನುಡಿ, ದಂಡಿನದೊಂದು ನುಡಿ. 1949ರವರೆಗೆ ಎರಡಕ್ಕೂ ಬೇರೆ ಬೇರೆ ನಗರಸಭೆಯೇ ಇತ್ತು. ಕನ್ನಡ ಮನೆಮಾತಾಗಿರುವವರು ಬೆಂಗಳೂರು ನಗರ ಜಿಲ್ಲೆಯಲ್ಲಿ ಅರ್ಧಕ್ಕಿಂತ ಕಡಿಮೆ ಎಂದು 2011ರ ಜನಗಣತಿಯೇ ತೋರಿಸಿದೆ. ಆದರೆ ಚಿಕ್ಕಪೇಟೆಯ ಮಾರವಾಡಿ ಸೀರೆ ಅಂಗಡಿಗೆ ಹೋಗಿ. "ಬನ್ನಿ ಅಕ್ಕ, ಕೂತ್ಕೊಳ್ಳಿ, ಕಾಫಿ ತರಿಸ್ಲಾ" ಎನ್ನುತ್ತಾನೆ. ರಸೆಲ್ ಮಾರ್ಕೆಟ್ಟಿನಲ್ಲಿ ಉರ್ದು ಮನೆಮಾತಿನವನು ನಿಮ್ಮ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಾನೆ. ಇವರಿಗೆ ಯಾವ ಕಾನೂನೂ ಕನ್ನಡ ಕಲಿಸಲಿಲ್ಲ. ಗಿರಾಕಿ ಕಲಿಸಿದ. ಗಿರಾಕಿ ಕನ್ನಡದಲ್ಲಿ ಕೇಳಿದ, ಉತ್ತರ ಕನ್ನಡದಲ್ಲಿ ಬಾರದಿದ್ದರೆ ಪಕ್ಕದ ಅಂಗಡಿಗೆ ಹೋದ. ಅಷ್ಟೇ. ನಿಮ್ಮ ಅಜ್ಜಿ ಮಾಡಿದ ಕನ್ನಡ ಚಳವಳಿ ಅದು, ಬಾವುಟವಿಲ್ಲದೆ.

ನಿಮ್ಮ ಕಾಲದಲ್ಲಿ ಅಂಗಡಿ ಫೋನಿನೊಳಗೆ ಬಂದಿದೆ. ಗ್ರಾಹಕ ಸೇವೆಗೆ ಕರೆ ಮಾಡಿದರೆ ಇಂಗ್ಲಿಷಿಗೆ ಒಂದು ಒತ್ತಿ, ಕನ್ನಡಕ್ಕೆ ಇನ್ನೊಂದು ಒತ್ತಿ ಎನ್ನುತ್ತದೆ. ನೀವು ಯಾವುದು ಒತ್ತುತ್ತೀರಿ? ನಿಜ ಹೇಳಿ. ಎಟಿಎಂನಲ್ಲಿ ಕನ್ನಡ ಆಯ್ಕೆ ಮುಟ್ಟಿ ಎಷ್ಟು ದಿನವಾಯಿತು? ಕರೆಗಳ ಲೆಕ್ಕ ನೋಡಿಯೇ ಕಂಪನಿಯವರು ಯಾವ ಭಾಷೆಗೆ ಎಷ್ಟು ಜನ ಕೂರಬೇಕೆಂದು ತೀರ್ಮಾನಿಸುತ್ತಾರೆ. ಕನ್ನಡದ ಕರೆ ಕಡಿಮೆಯಾದರೆ ಕನ್ನಡದ ಕುರ್ಚಿಯೂ ಕಡಿಮೆ. ಆ ಕುರ್ಚಿಯಲ್ಲಿ ಕೂರಬೇಕಾದವನು ತಿಪಟೂರಿನಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಿಮ್ಮ ತಮ್ಮ.

ಒಂದು ಮಾತನ್ನು ಕಟುವಾಗಿಯೇ ಹೇಳಬೇಕು. ಊಟ ತಂದುಕೊಡುವ ಅಸ್ಸಾಮಿನ ಹುಡುಗನ ಹೆಲ್ಮೆಟ್ ಹಿಡಿದೆಳೆದು "ಕನ್ನಡ ಮಾತಾಡೋ" ಎಂದು ಗದರಿಸಿ, ಅದನ್ನು ಚಿತ್ರೀಕರಿಸಿ ಬೀಗುವವರು ನಮ್ಮವರಲ್ಲ. ಆ ಹುಡುಗ ಬಂದು ಮೂರು ತಿಂಗಳಾಗಿರುತ್ತದೆ. "ಅಣ್ಣ, ಲೊಕೇಶನ್ ಎಲ್ಲಿ" ಎನ್ನುವಷ್ಟು ಕಲಿತಿರುತ್ತಾನೆ, ಅಧಿಕಾರಿ ಹತ್ತು ವರ್ಷದಲ್ಲಿ ಕಲಿಯದಷ್ಟು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಈ ಊರಿನ ಬೀದಿಗಳಲ್ಲಿ ಹೆಣ ಬಿದ್ದವು. ಸತ್ತವರು ಬಡವರು. ಕನ್ನಡಕ್ಕೆ ಒಂದು ಅಕ್ಷರವೂ ಹೆಚ್ಚಾಗಲಿಲ್ಲ. ನಮ್ಮ ಜಗಳ ಕೌಂಟರಿನ ಆಚೆ ಕುರ್ಚಿಯಲ್ಲಿ ಕೂತು ನಮ್ಮ ದುಡ್ಡಿನ ಬೀಗದ ಕೈ ಹಿಡಿದವರ ಜೊತೆ.

ಹಾಗೆಂದು ಒರಟುತನವೆಲ್ಲ ಹೊರಗಿನಿಂದಲೇ ಬಂತು ಎನ್ನುವ ಹಾಗೂ ಇಲ್ಲ. ತಾಲ್ಲೂಕು ಕಚೇರಿಗೆ ಹೋಗಿ ನೋಡಿ, ಅಚ್ಚಗನ್ನಡದಲ್ಲೇ "ನಾಳೆ ಬಾರಯ್ಯ" ಎಂದು ಅಟ್ಟುತ್ತಾರೆ. ಅವರ ಮೇಲೆ ಬರೆಯಲು ಇನ್ನೊಂದು ಸಂಚಿಕೆ ಬೇಕು.

ಈಗ ಕೆಲಸದ ಮಾತು. ಬ್ಯಾಂಕಿನ ಕೌಂಟರುಗಳ ಫಲಕ, ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು, ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ, ಹೀಗೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು. ಕನ್ನಡದ ಅರ್ಜಿ ಕೇಳಿ. ಇಲ್ಲ ಎಂದರೆ ಇಲ್ಲವೆಂದು ಬರೆದುಕೊಡಿ ಎನ್ನಿ. ಕೂಗಾಡಬೇಡಿ, ಕೂಗಾಡಿದರೆ ಸೆಕ್ಯುರಿಟಿಯನ್ನು ಕರೆಯುತ್ತಾರೆ, ಬರೆದುಕೊಡಿ ಎಂದರೆ ಮ್ಯಾನೇಜರನ್ನು ಕರೆಯುತ್ತಾರೆ. ದೂರನ್ನು ಕನ್ನಡದಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿಗೆ ಕಳಿಸುವ ಕಾಗದವೂ ಕನ್ನಡದಲ್ಲಿರಬಹುದು. 14448 ಸಂಖ್ಯೆಯಲ್ಲಿ ಕನ್ನಡದಲ್ಲೇ ವಿಚಾರಿಸಬಹುದು.

ಆ ಹುಡುಗ ಅಂದು ಮಾಡಬೇಕಿದ್ದದ್ದು ಇಷ್ಟೇ: ಅಧಿಕಾರಿಯ ಮುಂದೆ ನಿಂತು ಕನ್ನಡದಲ್ಲೇ, "ಇವರು ಕೇಳಿದ್ದಕ್ಕೆ ಉತ್ತರ ಕೊಡಿ. ನಿಮಗೆ ಬಾರದಿದ್ದರೆ ಬರುವವರನ್ನು ಕರೆಯಿರಿ" ಎನ್ನಬೇಕಿತ್ತು. ಕರೆದುಕೊಂಡು ಬರುವ ಕೆಲಸ ಹೂವಿನವಳದಲ್ಲ, ಬ್ಯಾಂಕಿನದು. ನಾನೂ ಅದನ್ನು ಆ ಕ್ಷಣ ಹೇಳಲಿಲ್ಲ ಗೆಳೆಯರೇ. ಸಾಲಿನಲ್ಲಿ ಸುಮ್ಮನೆ ನಿಂತಿದ್ದ ಹದಿನಾಲ್ಕು ಜನರಲ್ಲಿ ಈ ಪತ್ರಿಕೆಯ ಸಂಪಾದಕನೂ ಒಬ್ಬ. ಮೆಟ್ಟಿಲ ಮೇಲೆ ಆ ಎರಡನೆಯ ಪಾಸ್‌ಬುಕ್ಕು ನೋಡಿದ ಮೇಲೆಯೇ ಮೈ ಬಿಸಿಯಾದದ್ದು.

ಅಲ್ಲೇ ಕೂತು ಕಾಗದ ಬರೆದೆವು. ಆಕೆಯ ಖಾತೆಯಿಂದ ಕಡಿತವಾದದ್ದಕ್ಕೆ ಒಪ್ಪಿಗೆ ಪತ್ರ ಎಲ್ಲಿದೆ, ಗಂಡನ ವಿಮೆಯ ಹಣಕ್ಕೆ ಯಾವ ಅರ್ಜಿ ಕೊಡಬೇಕು, ಆ ಅರ್ಜಿ ಕನ್ನಡದಲ್ಲಿ ಕೊಡಿ, ಈ ಮೂರೇ ಮಾತು. ಆಕೆ ಸಹಿ ಹಾಕುವ ಮುಂಚೆ ಎರಡು ಸಲ ಓದಿಸಿ ಕೇಳಿಸಿಕೊಂಡಳು. ಒಳಗೆ ಹೋದಾಗ ಅದೇ ಅಧಿಕಾರಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕದ ಮೇಜಿಗೆ ತಳ್ಳಿದ. ಅಲ್ಲಿದ್ದ ಗುಮಾಸ್ತೆ ಕನ್ನಡದವರು. ಓದಿದರು, ಒಂದು ಕ್ಷಣ ಆಕೆಯ ಮುಖ ನೋಡಿದರು, ಮೊಹರು ಒತ್ತಿದರು. "ಮೊದಲೇ ನನ್ನ ಹತ್ತಿರ ಬರಬಾರದಿತ್ತೇನಮ್ಮ" ಎಂದರು ಮೆಲ್ಲಗೆ.

ಉತ್ತರಕ್ಕೆ 30 ದಿನ ಗಡುವು. ಗಡುವು ಮುಗಿದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಕೆ ಮತ್ತು ನಾನು ಅದೇ ಕೌಂಟರಿಗೆ ಹೋಗುತ್ತೇವೆ. ಜೊತೆಗೆ ಬರುವವರು ಕಚೇರಿಗೆ ತಿಳಿಸಿ. ಬಾವುಟ ಬೇಡ, ಒಂದು ಪೆನ್ನು ತನ್ನಿ. ಬ್ಯಾಂಕು ಕೊಟ್ಟ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ, ಅದು ಯಾವ ಭಾಷೆಯಲ್ಲಿ ಬಂದರೂ.