ಮನೆಯ ವಿಜ್ಞಾನ: ಮುಚ್ಚಿದ ಕೋಣೆಯ ಕೆಂಡ

ಸ್ಪರ್ಧಾ ಪರೀಕ್ಷೆಗಳಿಗಾಗಿ ಓದುವ ಮಕ್ಕಳು ಈಗ ಅನೇಕ ಮನೆಗಳಲ್ಲಿರುವರಷ್ಟೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಿ ಮಲಗುವುದು ಅಪಾಯಕರವೇಕೆಂದು ಕೇಳಿದರೆ, ಅವರು "ಕಾರ್ಬನ್ ಮಾನಾಕ್ಸೈಡ್" ಎಂದು ಥಟ್ಟನೆ ಉತ್ತರವೀಯುವರು, ಅಂಕವೂ ದೊರೆಯುವುದು. ಆದರೆ ಅಂಥ ಮನೆಯಲ್ಲಿಯೇ ಚಳಿಗಾಲದ ರಾತ್ರಿ ಬಾಣಂತಿಯ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕುವುದುಂಟು. ಆದಕಾರಣ ಈ ತಿಂಗಳು ಇದನ್ನೇ ವಿಚಾರಿಸುವೆವು.

ಇದ್ದಲೆಂಬುದು ಬಹುಮಟ್ಟಿಗೆ ಇಂಗಾಲವೇ. ಉರಿಯುವಾಗ ಗಾಳಿಯು ಯಥೇಷ್ಟವಾಗಿ ದೊರೆತರೆ, ಇಂಗಾಲದ ಒಂದು ಪರಮಾಣುವು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಗುವುದು. ಗಾಳಿಯು ಸಾಲದ ಕೆಂಡದ ರಾಶಿಯಲ್ಲಿ ಒಂದೇ ಪರಮಾಣುವಿನೊಡನೆ ಕೂಡಿದ ಮಾನಾಕ್ಸೈಡ್ ಹುಟ್ಟುವುದು. ತೆರೆದ ಅಂಗಳದಲ್ಲಾದರೆ ಅದು ಚದರಿಹೋಗುವುದು. ಮುಚ್ಚಿದ ಕೋಣೆಯಲ್ಲಿ ಗಳಿಗೆಗಳಿಗೆಗೂ ಹೆಚ್ಚುತ್ತಲೇ ಇರುವುದು.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತುವು ಹೀಮೋಗ್ಲೋಬಿನ್. ಈ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದಕ್ಕೆ ಅಂಟಿಕೊಳ್ಳುವುದು. ಹೀಗೆ ಆಮ್ಲಜನಕದ ಸ್ಥಾನವನ್ನು ಇದು ಆಕ್ರಮಿಸುವುದೆಂಬುದನ್ನು ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿಯು 19ನೆಯ ಶತಮಾನದಲ್ಲಿಯೇ ತೋರಿಸಿದನು. ಉಸಿರಾಟವು ನಡೆಯುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಆಮ್ಲಜನಕವು ಸಾಲದೆ ಹೋಗುವುದು.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆಯ ಅನಿಲವು ಸೋರಿದರೆ ಮೂಗು ಎಚ್ಚರಿಸುವುದು. ಆ ವಾಸನೆಯಾದರೋ ಎಚ್ಚರಿಕೆಗಾಗಿಯೇ ಬೆರೆಸಿದ್ದು. ಮಾನಾಕ್ಸೈಡಿಗೆ ಅಂಥ ಸೂಚನೆಯಿಲ್ಲ. ಆದುದರಿಂದ "ಹೊಗೆಯಾರಿ ನಿಗಿನಿಗಿ ಕೆಂಡವಾಗಿದೆ, ಇನ್ನು ಭಯವಿಲ್ಲ" ಎಂಬ ಮಾತನ್ನು ನಂಬಲಾಗದು. ತಲೆನೋವು, ತಲೆಸುತ್ತು, ಓಕರಿಕೆ ಇವು ಮೊದಲ ಲಕ್ಷಣಗಳು. ನಿದ್ರಿಸುವವರಿಗೆ ಇವೂ ತಿಳಿಯವು. ಎಚ್ಚರವಾಗುವ ಮೊದಲೇ ಪ್ರಾಣವು ಹೋಗಬಹುದು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಅಪಾಯವು ಹೆಚ್ಚು.

ಆದುದರಿಂದ ಕೆಂಡವನ್ನು ಮಲಗುವ ಕೋಣೆಯೊಳಗೆ ಇಡಲೇಬಾರದು. ಕಿಟಕಿಯೊಂದನ್ನು ತೆರೆದೆವೆಂದು ಧೈರ್ಯಪಡಲೂ ಬಾರದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನು ಉರಿಸುವುದೂ, ಮನೆಯೊಳಗೆ ಜನರೇಟರನ್ನು ನಡೆಸುವುದೂ ಇಷ್ಟೇ ಅಪಾಯಕರ. ಯಾರಾದರೂ ಅಸ್ವಸ್ಥರಾದರೆ ಬಾಗಿಲುಗಳನ್ನು ತೆರೆದು, ಅವರನ್ನು ಕೂಡಲೆ ಬಯಲಿಗೆ ತಂದು, 108ಕ್ಕೆ ಕರೆ ಮಾಡತಕ್ಕದ್ದು. ಬಯಲ ಗಾಳಿಯಲ್ಲಿ ರಕ್ತದಲ್ಲಿನ ಈ ಅನಿಲವು ಅರ್ಧಕ್ಕಿಳಿಯಲು 4-5 ಗಂಟೆಗಳು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೇ ಇಳಿಯುವುದು. ಆದಕಾರಣ ತಡಮಾಡಲಾಗದು.

ಮಗುವಿಗೆ ಶೀತವಾಗದಿರಲೆಂಬುದೇ ಅಜ್ಜಿಯವರ ಕಳಕಳಿ, ಅದು ಉಚಿತವೇ. ಕುಲಾವಿ, ಬೆಚ್ಚನೆಯ ಬಟ್ಟೆ, ಎಚ್ಚರವಿರುವ ತಾಯಿಯ ಎದೆಯ ಶಾಖ ಇವುಗಳಿಂದ ಆ ಕಾರ್ಯವು ನೆರವೇರುವುದು. ಪರೀಕ್ಷೆಗೆ ಓದುವ ಮೊಮ್ಮಕ್ಕಳು ಇಂದೇ ಅಜ್ಜಿಯವರ ಬಳಿ ಕುಳಿತು, ಈ ಕಾರಣಗಳನ್ನು ವಿನಯದಿಂದ ತಿಳಿಸಿ, ಅಗ್ಗಿಷ್ಟಿಕೆಯನ್ನು ಹೊರಗೆ ತಂದಿಡಲೆಂದು ನಾವು ಕೋರುವೆವು.