ಕಾಲೇಜಿನ ಬದಲಿ ಆಳು

ಗಿರಣಿಯ ಗೇಟಿನ ಮುಂದೆ ನಿಂತು ಇಂದು ಕೆಲಸ ಸಿಕ್ಕೀತೇ ಎಂದು ಕಾಯುವ ಬದಲಿ ಕಾರ್ಮಿಕನ ಪಾಡನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಎಂ.ಎ. ಓದಿಸುವ ಮೇಷ್ಟರಿಗೂ ಈಗ ಅದೇ ಪಾಡು. ಸರ್ಕಾರಿ ಕಾಲೇಜುಗಳಲ್ಲಿ ಇವರಿಗೆ ‘ಅತಿಥಿ ಉಪನ್ಯಾಸಕ’ರೆಂದು ಹೆಸರು. ಅತಿಥಿಯಂತೆ! ವರ್ಷಗಟ್ಟಲೆ ದುಡಿಸಿಕೊಂಡು, ಪ್ರತಿ ವರ್ಷವೂ ಹೊರಗೆ ಕಳಿಸಿ, ಮತ್ತೆ ಅರ್ಜಿ ಹಾಕು ಎನ್ನುವ ಆತಿಥ್ಯವನ್ನು ನಾವು ಬೇರೆಲ್ಲೂ ಕಂಡಿಲ್ಲ. ಸಂಬಳವೆಂದರೆ ಹಕ್ಕಾದೀತೆಂದು ‘ಗೌರವಧನ’ ಎಂದಿದ್ದಾರೆ.

ಒಂದು ಪಾಠಕ್ಕೆ 1,500 ರೂಪಾಯಿಯಂತೆ, ತಿಂಗಳಿಗೆ 50,000ದವರೆಗೆ ಕೊಡಿರೆಂದು ಯು.ಜಿ.ಸಿ. 2019ರಲ್ಲೇ ಹೇಳಿತು. ಕರ್ನಾಟಕ ಸರ್ಕಾರ 2022ರ ಆರಂಭದವರೆಗೂ ಕೊಟ್ಟದ್ದು 11ರಿಂದ 13 ಸಾವಿರ. ಮುಷ್ಕರವಾದ ಮೇಲೆ ಗರಿಷ್ಠ 32 ಸಾವಿರಕ್ಕೇರಿಸಿತು. ಜೊತೆಗೇ ವಾರಕ್ಕೆ 8–10 ಗಂಟೆಯಿದ್ದ ಪಾಠವನ್ನು 15 ಗಂಟೆ ಮಾಡಿತು. ಇರುವ ಪಾಠಗಳು ಅಷ್ಟೇ. ಒಬ್ಬನಿಗೆ 15 ಅಳೆದುಕೊಟ್ಟರೆ ಪಕ್ಕದವನಿಗೆ ಉಳಿಯುವುದೆಷ್ಟು? ತಕ್ಕಡಿ ಹಿಡಿಯುವ ನಮ್ಮ ವ್ಯಾಪಾರಿ ಬಂಧುಗಳೇ ಹೇಳಲಿ.

ಇವರಲ್ಲಿ ರಾಜ್ಯಶಾಸ್ತ್ರದ ಎಂ.ಎ.ಗೆ ಸಾರ್ವಜನಿಕ ನೀತಿಯ ಪಾಠ ಹೇಳುವವರೂ ಇದ್ದಾರೆ. ಹಂಗಾಮಿ ನೌಕರನಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಅವರು ಹಲಗೆಯ ಮೇಲೆ ಬರೆಯಬೇಕು. ಬರೆಯುವ ಕೈಗೆ ಮಾತ್ರ ಅದು ಸಲ್ಲದು! ಅದೇ ಕಾಲೇಜಿನ ಖಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700.

ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಿರಿ. ತುಂಬುವವರೆಗೆ ಆ ಶ್ರೇಣಿಯ ಕನಿಷ್ಠ ವೇತನವನ್ನು ಹನ್ನೆರಡು ತಿಂಗಳೂ ಕೊಡಿರಿ. ಇದು ನಮ್ಮ ಬೇಡಿಕೆ. ಮೇಷ್ಟರು ಮತ್ತೆ ಬೀದಿಗಿಳಿದರೆ ಗಿರಣಿ ಸಂಗಾತಿಗಳು ಅವರ ಪಕ್ಕದಲ್ಲಿ ನಿಲ್ಲಬೇಕು.